ಎರಡನೆಯ ಬಸ್ಸಿನ ಮೇಷ್ಟರು

ನಮ್ಮ ಇಂಗ್ಲಿಷ್ ಮೇಷ್ಟರು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಮೊದಲು ಬಂದ ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ. ರಜ ಬಂದರೆ ಗೌರಿಬಿದನೂರಿನ ಕಡೆಯ ತಮ್ಮ ಊರಿಗೆ ಹೊರಟು, ಬೆಳಿಗ್ಗೆಯೇ ಕೈಚೀಲ ಹಿಡಿದು ಬಂದು ನಿಲ್ಲುವರು. ಚಿಕ್ಕಬಳ್ಳಾಪುರದ ಬಸ್ಸು ಬರುವುದು. ಜನ ಕಿಟಕಿಯಿಂದ ಟವೆಲ್ಲು ಎಸೆದು, ಚೀಲ ಎಸೆದು, ಕೊನೆಗೆ ಮಕ್ಕಳನ್ನೇ ಒಳಗೆ ತೂರಿಸಿ ಸೀಟು ಹಿಡಿಯುವರು. ಇವರು ಬೇವಿನ ಮರದ ನೆರಳಲ್ಲಿ ನಿಂತು ನೋಡುವರು. "ಬರ್ರೀ ಮೇಷ್ಟ್ರೇ, ಮುಂದೆ ಜಾಗ ಐತೆ" ಎಂದು ಕಂಡಕ್ಟರು ಕರೆದರೆ, "ಆತುರ ಇರೋರು ಹೋಗ್ಲಿ ಬಿಡಪ್ಪ" ಎನ್ನುವರು. ಎರಡನೆಯ ಬಸ್ಸೂ ಅಷ್ಟೇ ತುಂಬಿ ಬರುತ್ತಿತ್ತು. ಅದರಲ್ಲಿ ಒಂಟಿಕಾಲಲ್ಲಿ ನಿಂತು, ಬಹಳ ತೃಪ್ತಿಯಿಂದ ಊರು ಸೇರುವರು.

ಹೋದ ವರ್ಷ ಎದೆನೋವು ಮೊದಲ ಸಲ ಬಂದಾಗಲೂ ಅವರು ಹೋಗಲಿಲ್ಲ. ಎರಡನೆಯದು ಬಂದಾಗ ಹೋದರು. ಸುದ್ದಿ ತಂದವನು ಹೀಗೆಯೇ ಹೇಳಿದ, ಹೇಳಿ ನಕ್ಕ, ನಕ್ಕಿದ್ದಕ್ಕೆ ನಾಚಿ ಕಣ್ಣೊರೆಸಿಕೊಂಡ. ನಾನೂ ಅದೇ ಕ್ರಮದಲ್ಲಿ ಅದೇ ಮೂರು ಕೆಲಸ ಮಾಡಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಊರಿನವರಿಗೆ ಇನ್ನೊಬ್ಬನ ಹೆಸರೂ ಗೊತ್ತಾಗಿಬಿಡುತ್ತದೆ. ಅವನು ನನ್ನ ಸಹಪಾಠಿ, ಈಗ ಆಲೂಗಡ್ಡೆ ಮಂಡಿಯ ಯಜಮಾನ, ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾನೆ. ಒಂದು ಭಾನುವಾರದ ಮಧ್ಯಾಹ್ನ, ಊರಿನ ಅರ್ಧ ಜನ ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದಂತೆ, ಅವನು ಸಾಯುವುದರಲ್ಲಿದ್ದ. ಅದು ಮೂರೇ ಜನಕ್ಕೆ ಗೊತ್ತಿತ್ತು. ಈಗ ಇಬ್ಬರು ಉಳಿದಿದ್ದೇವೆ.

ಮೇಷ್ಟರದು ಕಚ್ಚೆಪಂಚೆ, ಕತ್ತು ಮುಚ್ಚುವ ಕೋಟು, ಹೆಗಲ ಮೇಲೊಂದು ಶಲ್ಯ. ಮನೆಮಾತು ತೆಲುಗು. ಕೋಪ ಬಂದರೆ ತೆಲುಗಿನಲ್ಲಿ, ಲೆಕ್ಕ ಹಾಕುವಾಗ ಕನ್ನಡದಲ್ಲಿ. ಇಂಗ್ಲಿಷನ್ನು ಪಾಠಕ್ಕೆ ಮಾತ್ರ, ಹಬ್ಬದ ಬೆಳ್ಳಿ ಲೋಟದಂತೆ, ಹೊರಗೆ ತೆಗೆಯುವರು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಹುಯ್ದು ಹುಯ್ದು, ಅದು ಪೂರಾ ತಣ್ಣಗಾದ ಮೇಲೆ, "ಇದನ್ನ ಸ್ವಲ್ಪ ಬಿಸಿ ಮಾಡ್ಕೊಡೇ" ಎಂದು ಹೆಂಡತಿಗೆ ಕೊಡುವರು.

ಅವರ ಮದುವೆಯ ಕಥೆಯನ್ನು ಅವರ ಮನೆಯವರ ಬಾಯಲ್ಲೇ ಕೇಳಬೇಕು. ಅವರನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ನಮಗೆ ಉಪ್ಪಿಟ್ಟು ಬಡಿಸುತ್ತ ಹೇಳುವರು:

"ಇವರು ನೋಡಕ್ಕೆ ಬಂದಿದ್ದು ನನ್ನಲ್ಲ ಕಣಪ್ಪ, ನಮ್ಮಕ್ಕನ್ನ. ನೋಡಿ, ಯೋಚನೆ ಮಾಡಿ ಹೇಳ್ತೀನಿ ಅಂದ್ಬುಟ್ಟು ಹೋದ್ರು. ಯೋಚನೆ ಮುಗಿಸ್ಕೊಂಡು ಬರೋ ಹೊತ್ಗೆ ನಮ್ಮಕ್ಕ ಬಾಣಂತನಕ್ಕೆ ಬಂದಿದ್ಳು. ಮನೇಲಿ ಇನ್ನುಳಿದೋಳು ನಾನೊಬ್ಳು. ನನ್ನ ನೋಡಿದ್ಮೇಲೂ ಯೋಚನೆ ಮಾಡ್ತೀನಿ ಅಂದ್ರು. ನಮ್ಮಪ್ಪ ಕೈ ಮುಗಿದ್ಬುಟ್ರು, 'ಇನ್ನು ಹೆಣ್ಣಿಲ್ಲ ಸ್ವಾಮಿ' ಅಂತ."

"ಆತುರ ಬಿದ್ದಿದ್ರೆ ನಿಮ್ಮಕ್ಕನ್ನ ಮಾಡ್ಕೊಂಡುಬಿಡ್ತಿದ್ದೆ," ಎಂದು ಮೇಷ್ಟರು ತಟ್ಟೆಯಿಂದ ತಲೆಯೆತ್ತದೆ ಹೇಳುವರು. "ಲಾಭ ಯಾರಿಗಾಯ್ತು ನೋಡ್ಕೋ."

ಅಮ್ಮ ಕೇಳಿಸದವರಂತೆ ಇನ್ನೊಂದು ಚಮಚ ತುಪ್ಪ ಹಾಕುವರು.

ಮೇಷ್ಟರ ಈ ನಿಧಾನ ಸೋಮಾರಿತನವಲ್ಲ, ಒಂದು ಮತ. ಆ ಮತಕ್ಕೆ ಒಂದು ಗ್ರಂಥವೂ ಇತ್ತು. ಪಠ್ಯದಲ್ಲಿದ್ದ ಹಳೆಯ ಇಂಗ್ಲಿಷ್ ದುರಂತ ನಾಟಕ. ಹಗೆ ಸಾಧಿಸುವ ಎರಡು ಮನೆತನ, ಆ ಮನೆಯ ಹುಡುಗ, ಈ ಮನೆಯ ಹುಡುಗಿ, ನೋಡಿದ ಕೂಡಲೆ ಪ್ರೀತಿ, ಅದರ ಬೆನ್ನಿಗೇ ಗುಟ್ಟಿನ ಮದುವೆ, ವಾರ ತುಂಬುವುದರೊಳಗೆ ಇಬ್ಬರೂ ಹೆಣ. ಬೇರೆ ಮೇಷ್ಟರುಗಳು ಅವರನ್ನು ಕೊಂದದ್ದು ಹಗೆ ಎಂದು ಹೇಳಿಕೊಡುತ್ತಿದ್ದರು. ಇವರು ಒಪ್ಪುತ್ತಿರಲಿಲ್ಲ.

"ಹಗೆ ನಮ್ಮ ಕಡೆ ಇಲ್ವೇನ್ರೋ? ಬದು ಒತ್ತಿದ್ದಕ್ಕೆ ಮೂರು ತಲೆಮಾರು ಮಾತಾಡದಿರೋ ಮನೆಗಳವೆ. ಹಗೆಯಿಂದ ಯಾರೂ ಸಾಯಲ್ಲ, ಕೋರ್ಟಿಗೆ ಹೋಗ್ತಾರೆ. ಈ ಮಕ್ಕಳನ್ನ ಕೊಂದಿದ್ದು ಆತುರ."

ನಾಟಕವನ್ನು ಅವರು ಗಟ್ಟಿಯಾಗಿ ಓದುತ್ತ ಹೋಗುವರು. ಅನಾಹುತವನ್ನು ಇಲ್ಲಿ ನಿಲ್ಲಿಸಬಹುದಾಗಿತ್ತು ಎಂದು ನಮಗೆ ಅನ್ನಿಸಿದ ಕಡೆ ಡೆಸ್ಕು ತಟ್ಟಬೇಕು. ಕೊನೆಯ ಅಂಕದ ಹೊತ್ತಿಗೆ ಪಕ್ಕದ ತರಗತಿಯವರು ಬಂದು ದೂರು ಕೊಡುವಷ್ಟು ಸದ್ದಾಗುತ್ತಿತ್ತು. ಒಮ್ಮೆ ಕೆಂಚಾರ್ಲಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಮೊದಲನೆಯ ಪುಟಕ್ಕೇ ಡೆಸ್ಕು ತಟ್ಟಿ ಎದ್ದು ನಿಂತ.

"ಸಾರ್, ಆ ಹುಡ್ಗಿ ಮನೇಲಿ ಒಬ್ಬ ಅಜ್ಜಿ ಇದ್ದಿದ್ರೆ ಇದ್ಯಾವ್ದೂ ನಡೀತಿರ್ಲಿಲ್ಲ. ನಮ್ಮಜ್ಜಿ ಬೆಕ್ಕು ಹಾದು ಹೋದ್ರೂ ಯಾರದು ಅಂತಾಳೆ."

ಮೇಷ್ಟರು ಪುಸ್ತಕ ಮುಚ್ಚಿದರು. ಆ ಪೀರಿಯಡ್ಡು ಪೂರ್ತಿ ಅವರಿಗೆ ಸಂತೋಷವೋ ಸಂತೋಷ. "ಅಜ್ಜಿ ಇಲ್ಲದ ಮನೆ. ಬರ್ಕೊಳ್ರೋ," ಎಂದರು. ಬರೆದುಕೊಂಡೆವು. ಪರೀಕ್ಷೆಯಲ್ಲೂ ಬರೆದೆವು. ಉತ್ತರಪತ್ರಿಕೆ ತಿದ್ದಿದವರ ಮನೆಯಲ್ಲಿ ಅಜ್ಜಿ ಇದ್ದರೋ ಇಲ್ಲವೋ, ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಪಾಸಾದೆವು.

ನಾನು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಕೆಲಸಕ್ಕೆ ಅರ್ಜಿಗಳನ್ನು ಹಾಕಿ ಊರಲ್ಲಿ ಕೂತಿದ್ದ ಕಾಲ. ಹೊಸ ಮೈಸೂರು ರಾಜ್ಯವಾಗಿ ಹೆಚ್ಚು ದಿನವಾಗಿರಲಿಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮೇಷ್ಟರ ನಾಟಕವನ್ನೇ ಕನ್ನಡದಲ್ಲಿ ಆಡುವುದೆಂದು ತೀರ್ಮಾನಿಸಿದೆವು. ಅದನ್ನು ಕನ್ನಡಕ್ಕೆ ತರಲು ಮೇಷ್ಟರು ಅದಕ್ಕೂ ಮೊದಲೇ ಮೂರು ವರ್ಷ ತೆಗೆದುಕೊಂಡಿದ್ದರು. ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರು ಕಥೆ ಕೇಳಿ ಗಾಬರಿಯಾದರು.

"ಎಲ್ರೂ ಸತ್ರೆ ಹೆಂಗ್ರೀ ಮೇಷ್ಟ್ರೇ? ಜನ ಮನೆಗೋಗಿ ಊಟ ಮಾಡ್ಬೇಕಲ್ವಾ. ಒಬ್ರನ್ನಾದ್ರೂ ಉಳಿಸಿ."

"ಯೋಚನೆ ಮಾಡ್ತೀನಿ," ಎಂದರು ಮೇಷ್ಟರು.

ಇನ್ನೊಂದು ಜಗಳ ಹಾರದ ವಿಷಯದಲ್ಲಿ ನಡೆಯಿತು. ನಮ್ಮ ಕಡೆ ನಾಟಕವೆಂದರೆ ನಡುನಡುವೆ ಬಹುಮಾನ ಇರಲೇಬೇಕು. ರಾಜ ಕತ್ತಿ ಎತ್ತಿರುತ್ತಾನೆ. ಅಷ್ಟರಲ್ಲಿ ಒಬ್ಬರು ರಂಗದ ಮೇಲೆ ಬಂದು, ಇಂಥವರು ಪಾತ್ರಧಾರಿಯ ಅಭಿನಯಕ್ಕೆ ಮೆಚ್ಚಿ ಹಾರ ಹಾಕುತ್ತಾರೆ ಎಂದು ಸಾರುತ್ತಾರೆ. ರಾಜ ಕತ್ತಿಯನ್ನು ವೈರಿಯ ಕೈಗೇ ಕೊಟ್ಟು, ಹಾರ ಹಾಕಿಸಿಕೊಂಡು, ನಮಸ್ಕಾರ ಮಾಡಿ, ಕತ್ತಿ ವಾಪಸು ತೆಗೆದುಕೊಂಡು ಕೊಲ್ಲುತ್ತಾನೆ. ಮೇಷ್ಟರು ಇದಕ್ಕೆ ಸುತರಾಂ ಒಪ್ಪಲಿಲ್ಲ. "ಈ ನಾಟಕದಲ್ಲಿ ಯಾರಾದ್ರೂ ಒಂದು ಗಳಿಗೆ ಅಡ್ಡ ಬಂದಿದ್ರೆ ಎಲ್ರೂ ಬದುಕ್ತಿದ್ರು. ನೀವು ಹಾರ ಹಿಡ್ಕೊಂಡು ಅಡ್ಡ ಬಂದ್ರೆ ದುರಂತ ಎಲ್ಲುಳೀತದೆ?" ಎಂದು ಶಾಲೆಯ ಬಾಗಿಲಲ್ಲಿ ಬೋರ್ಡು ಬರೆಸಿ ಹಾಕಿದರು: ನಾಟಕದ ಮಧ್ಯೆ ಹಾರ, ಶಾಲು, ಬಹುಮಾನ ಕೊಡತಕ್ಕದ್ದಲ್ಲ.

ನಾಯಕ, ಮೊದಲೇ ಹೇಳಿದ ಆಲೂಗಡ್ಡೆ ಮಂಡಿಯ ನನ್ನ ಗೆಳೆಯ. ನಾಯಕಿ ಅಂಚೆ ಕಚೇರಿಯ ಗುಮಾಸ್ತ. ಅವನಿಗೆ ಬೆಳಿಗ್ಗೆ ಬೋಳಿಸಿದರೆ ಮಧ್ಯಾಹ್ನಕ್ಕೆ ಗಡ್ಡ ಮೂಡುತ್ತಿತ್ತು. ಅವನಿಗೆ ಉಡಿಸಲು ಒಂದು ರೇಷ್ಮೆ ಸೀರೆ ಬೇಕಾಗಿತ್ತು. ಕೋರ್ಟಿನ ಶಿರಸ್ತೇದಾರರು ತಮ್ಮ ಮನೆಯಿಂದ ಕೊಡುತ್ತೇವೆಂದರು. ಅದನ್ನು ತರಲು ನಾಯಕನೇ ಹೋದ. ಅದು ಸೋಮವಾರ.

ಬಾಗಿಲು ತೆರೆದವಳು ಶಿರಸ್ತೇದಾರರ ಮಗಳು. ಬಿಸಿಲಲ್ಲಿ ಬಂದಿದ್ದಾನೆಂದು ಒಂದು ಲೋಟ ಮಜ್ಜಿಗೆ ಕೊಟ್ಟಳು, ಸೀರೆ ಕೊಟ್ಟಳು, ಬಾಗಿಲು ಹಾಕಿಕೊಂಡಳು. ಅಷ್ಟೇ. ಅವನು ಸೀರೆಯ ಗಂಟನ್ನು ಎದೆಗೊತ್ತಿಕೊಂಡು ನನ್ನ ಬಳಿ ಬಂದ.

"ಮಜ್ಜಿಗೆ ಕೊಟ್ಳು ಕಣೋ."

"ನನಗೂ ಕೊಟ್ಟಿದ್ದಾರೆ. ಆ ಮನೇಲಿ ಎಲ್ರಿಗೂ ಕೊಡ್ತಾರೆ."

"ನಿನ್ನ ಮಜ್ಜಿಗೇಲಿ ಕೊತ್ತಂಬರಿ ಇತ್ತಾ?"

ನನಗೆ ನೆನಪಿರಲಿಲ್ಲ. "ನಿಂಗೆ ಬಿ.ಎ. ಯಾರೋ ಕೊಟ್ಟಿದ್ದು?" ಎಂದು ಬೈದು ಹೋದ.

ಮಂಗಳವಾರದಿಂದ ಅವನ ಅಭಿನಯವೇ ಬೇರೆಯಾಯಿತು. ಅದುವರೆಗೆ ಪ್ರೇಮದ ಮಾತುಗಳನ್ನು ಆಲೂಗಡ್ಡೆ ಹರಾಜಿನ ದನಿಯಲ್ಲಿ ಕೂಗುತ್ತಿದ್ದವನು ಈಗ ಪಿಸುಗುಡುತ್ತಿದ್ದ. ಅಂಚೆ ಗುಮಾಸ್ತನ ಕೈ ಹಿಡಿದು ಅಳುತ್ತಿದ್ದ. ಗುಮಾಸ್ತ ನನ್ನನ್ನು ಬೇರೆ ಕರೆದು, "ಇವನೇನೋ ನಿಜವಾಗ್ಲೂ ಅಳ್ತಾನಲ್ಲೋ, ನಂಗೆ ಒಂಥರಾ ಆಗ್ತದೆ" ಎಂದ. ನಾವೆಲ್ಲ ನಕ್ಕೆವು. ಮೇಷ್ಟರು ನಗಲಿಲ್ಲ. "ಇಷ್ಟು ಬೇಗ ಇಷ್ಟು ಚೆನ್ನಾಗಿ ಮಾಡೋದು ಒಳ್ಳೇದಲ್ಲ" ಎಂದರು. ಅದನ್ನೂ ಅವರ ಎಂದಿನ ಮತಪ್ರಚಾರವೆಂದುಕೊಂಡೆವು. ಗುರುವಾರ ಶಿರಸ್ತೇದಾರರ ಮನೆಯಿಂದ ಸುದ್ದಿ ಬಂತು: ಮಗಳಿಗೆ ಗೌರಿಬಿದನೂರಿನ ಗಂಡು ಗೊತ್ತಾಗಿದೆ. ಶುಕ್ರವಾರದಿಂದ ನಮ್ಮ ನಾಯಕ ಮಾತಾಡುವುದನ್ನು ಬಿಟ್ಟ. ಪಾತ್ರದಲ್ಲಿ ಮುಳುಗಿದ್ದಾನೆ ಎಂದು ಅಧ್ಯಕ್ಷರು ಹೆಮ್ಮೆಪಟ್ಟರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ. ಹೆಂಗಸರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು, ಕರೆಂಟನ್ನು ನಂಬುವ ಹಾಗಿಲ್ಲ. ಹೀಗಾಗಿ ಕೊನೆಯ ದೃಶ್ಯದ ಕಗ್ಗತ್ತಲ ಸಮಾಧಿಯನ್ನು ಶಾಲೆಯ ಬಯಲಿನಲ್ಲಿ ಬಿರುಬಿಸಿಲಿನಲ್ಲಿ ಕಟ್ಟಿದೆವು. ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಚಂದ್ರಿಕೆಗಳನ್ನು, ಆಳೆತ್ತರದ ಬಿದಿರಿನ ತಟ್ಟಿಗಳನ್ನು, ಶಿಡ್ಲಘಟ್ಟದ ಒಂದು ರೇಷ್ಮೆ ಮನೆಯಿಂದ ಗಾಡಿಯಲ್ಲಿ ತಂದು, ನಿಲ್ಲಿಸಿ, ಕರಿಬಟ್ಟೆ ಹೊದಿಸಿದೆವು. ಅದರೊಳಗೆ ಅಂಚೆ ಗುಮಾಸ್ತ ಶಿರಸ್ತೇದಾರರ ಹೆಂಡತಿಯ ಸೀರೆಯುಟ್ಟು, ಸತ್ತು, ಬೆವರುತ್ತ ಮಲಗಿದ್ದ.

ನಾನು ಪಕ್ಕದ ಪರದೆಯ ಹಿಂದೆ ನಿಂತು ಮಾತು ನೆನಪಿಸುವವನು. ಸಾಮಾನುಗಳೂ ನನ್ನ ವಶ. ಕೊನೆಯಲ್ಲಿ ನಾಯಕ ಕುಡಿದು ಸಾಯುವ ವಿಷದ ಸೀಸೆಯೆಂದರೆ ಕೆಮ್ಮಿನ ಔಷಧದ ಖಾಲಿ ಬಾಟಲು, ಅದರಲ್ಲಿ ನಾನೇ ಬೆರೆಸಿದ ಬೆಲ್ಲದ ಪಾನಕ. ನಾಯಕ ರಂಗಕ್ಕೆ ಹೋಗುವಾಗ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಹೋಗಬೇಕು. ಅವನು ನನ್ನ ಕಡೆ ನೋಡದೆ ನೇರವಾಗಿ ಹೋದ. ಮರೆತನೆಂದುಕೊಂಡು, ಪರದೆಯ ಸಂದಿಯಿಂದ ದಾಟಿಸೋಣವೆಂದು ಬಗ್ಗಿದೆ. ಅವನ ಕೈಯಲ್ಲಿ ಆಗಲೇ ಒಂದು ಬಾಟಲಿತ್ತು.

ಅದು ನನಗೆ ಗೊತ್ತಿದ್ದ ಬಾಟಲು. ಆಲೂಗಡ್ಡೆ ಬೆಳೆಗೆ ಹೊಡೆಯುವ ಔಷಧಿಯದು. ಅವರ ಮಂಡಿಯಲ್ಲಿ ಮಕ್ಕಳ ಕೈಗೆಟುಕದಂತೆ ಮೇಲಿನ ಹಲಗೆಯಲ್ಲಿಡುತ್ತಿದ್ದರು.

ಮೇಷ್ಟರು ನನ್ನ ಪಕ್ಕದಲ್ಲೇ ಕನ್ನಡಕ ಹಾಕಿಕೊಂಡು ಹಸ್ತಪ್ರತಿ ಹಿಡಿದು ನಿಂತಿದ್ದರು. ನನ್ನ ಕೈಯ ಬಾಟಲು ತೋರಿಸಿದೆ. ಆಮೇಲೆ ಅವನ ಕೈಯದನ್ನು ತೋರಿಸಿದೆ. ಅವರು ಇದನ್ನು ನೋಡಿದರು, ಅದನ್ನು ನೋಡಿದರು.

"ಇದು ಇಲ್ಲಿದ್ರೆ, ಅದ್ಯಾವುದು?"

"ಮಂಡೀದು ಸಾರ್. ಔಷಧಿ."

ಅವರು ಕನ್ನಡಕ ತೆಗೆದರು. ಪೆಟ್ಟಿಗೆಯಲ್ಲಿಟ್ಟರು. ಪೆಟ್ಟಿಗೆಯನ್ನು ಕೋಟಿನ ಜೇಬಿನಲ್ಲಿಟ್ಟರು. ಅಲ್ಲಿ ಅವನು ಕೊನೆಯ ಮಾತುಗಳನ್ನು ಆಡುತ್ತಿದ್ದ. ಅಂಚೆ ಗುಮಾಸ್ತನ ಕಡೆ ನೋಡುತ್ತಿರಲಿಲ್ಲ, ಹೆಂಗಸರು ಕೂತಿದ್ದ ಕಡೆ ನೋಡುತ್ತಿದ್ದ. ಶಿರಸ್ತೇದಾರರ ಮಗಳು ತಾಯಿಯ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವನು ಬಿರಡೆ ತೆಗೆದ.

ಮೇಷ್ಟರು ನಡೆದುಕೊಂಡು ರಂಗದ ಮೇಲೆ ಹೋದರು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರ ಹಾಗೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು. ಹೋಗಿ ಜನಕ್ಕೆ ಕೈಮುಗಿದರು.

"ಮಹಾಜನಗಳೇ, ಒಂದು ನಿಮಿಷ. ಈ ಪಾತ್ರಧಾರಿಯ ಅಭಿನಯಕ್ಕೆ ಮೆಚ್ಚಿ, ಅವನ ಇಂಗ್ಲಿಷ್ ಮೇಷ್ಟರು ಒಂದು ಶಲ್ಯ ಕೊಡ್ತಾರೆ."

ಬೋರ್ಡು ಬರೆಸಿದವರೇ ಬಂದು ನಿಂತದ್ದನ್ನು ನೋಡಿ ಜನ ಹೋ ಎಂದು ನಕ್ಕರು. ಮೇಷ್ಟರು ಹೆಗಲ ಶಲ್ಯ ತೆಗೆದು ಮಡಿಸಿ ಅವನ ಮುಂದೆ ಹಿಡಿದರು. ಅವನ ಬಲಗೈಯಲ್ಲಿ ಬಾಟಲು. ಬಾಟಲು ಹಿಡಿದೇ ಎಡಗೈ ಚಾಚಿದ, ಅದು ಅರ್ಧ ದಾರಿಯಲ್ಲಿ ತಾನಾಗಿ ನಿಂತಿತು. ನಮ್ಮಲ್ಲಿ ಗುರು ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಂಡವರಿಲ್ಲ. ಇನ್ನೊಂದು ಗಳಿಗೆಗೆ ಸಾಯುತ್ತೇನೆಂದು ತೀರ್ಮಾನಿಸಿದವನಿಗೂ ಅದು ಸಾಧ್ಯವಾಗಲಿಲ್ಲ.

"ಎರಡೂ ಕೈ, ಕಣಪ್ಪ," ಎಂದರು ಮೇಷ್ಟರು, ಜನಕ್ಕೆ ಕೇಳದಷ್ಟು ಮೆಲ್ಲಗೆ. "ಅದನ್ನ ಇಲ್ಲಿ ಕೊಡು. ನಾನು ಹಿಡ್ಕೊಂಡಿರ್ತೀನಿ."

"ಸಾರ್..."

"ಕೊಡು ನಾನ್ನಾ," ಎಂದರು, ಮಗುವನ್ನು ಮುದ್ದಿನಿಂದ ಕರೆಯುವ ತೆಲುಗಿನಲ್ಲಿ.

ಅವನು ಕೊಟ್ಟ. ಬಾಟಲು ಕೋಟಿನ ಜೇಬಿಗೆ ಇಳಿಯಿತು. ಅವನು ಎರಡೂ ಕೈ ಚಾಚಿ ಶಲ್ಯ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕಾಲಿಗೆ ಬಿದ್ದ. ಬಿದ್ದವನು ಏಳಲಿಲ್ಲ. ಭುಜ ಕುಲುಕುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಕಟ್ಟೆ ಒಡೆಯಿತು. "ಮೇಷ್ಟ್ರೇ ಕೊಟ್ಮೇಲೆ ನಮ್ದೇನು ಅಡ್ಡಿ" ಎಂದು ಮಂಡಿಯವರೆಲ್ಲ ಎದ್ದರು. ಬೋರ್ಡು ಓದಿಕೊಂಡೇ ಒಳಗೆ ಬಂದಿದ್ದ ಜನ ಚೀಲದೊಳಗಿಂದ, ಬುಟ್ಟಿಯೊಳಗಿಂದ ಹಾರಗಳನ್ನು ತೆಗೆದರು. ಅವನ ತಂದೆ ಹಾರ ಹಾಕಿ, "ನನ್ನ ಮಗ ಇಷ್ಟು ಚೆನ್ನಾಗಿ ಅಳ್ತಾನೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದು ಸಭೆಗೆ ಹೇಳಿದರು. ಶಿರಸ್ತೇದಾರರು ಬಂದು ತೆಂಗಿನಕಾಯಿ ಕೊಟ್ಟು, "ಬೇಗ ಮದುವೆಯಾಗ್ಲಪ್ಪ" ಎಂದು ಹರಸಿದರು. ಅವರ ಕಾಲಿಗೂ ಬಿದ್ದ. ಸಮಾಧಿಯೊಳಗಿಂದ ಅಂಚೆ ಗುಮಾಸ್ತ ಒಂದು ಕಣ್ಣು ತೆರೆದು, "ನಂಗೇನೂ ಇಲ್ವೇನ್ರೋ" ಎಂದು ಕೇಳಿದ. ಯಾರೋ ಪಾಪವೆಂದು ಒಂದು ಹಾರ ತಂದರು. ಎದ್ದು ಕೂತು ಹಾಕಿಸಿಕೊಂಡು ಮತ್ತೆ ಸತ್ತ.

ಮೇಷ್ಟರು ಇಷ್ಟು ಹೊತ್ತೂ ಜೇಬಿನೊಳಗಿನ ಕೈಯನ್ನು ಹೊರಗೆ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ನನ್ನನ್ನು ಕರೆದು, "ಅವನ ಬಾಟ್ಲು ಕೊಡು" ಎಂದರು. ಕೊಟ್ಟೆ. ಅವನು ನನ್ನ ಮುಖ ನೋಡಿದ. ಗಲ್ಲದವರೆಗೆ ಹಾರ ಹೊತ್ತು, ಪಾನಕ ಕುಡಿದು, ಗುಮಾಸ್ತನ ಪಕ್ಕ ಬಿದ್ದು ಸತ್ತ. ಜನ "ಒನ್ಸ್ ಮೋರ್" ಎಂದರು. ಎದ್ದು ಇನ್ನೊಮ್ಮೆ ಸತ್ತ. ಮತ್ತೆ "ಒನ್ಸ್ ಮೋರ್". ಮೂರನೆಯ ಸಾವಿನ ಹೊತ್ತಿಗೆ ಬಾಟಲಲ್ಲಿ ಪಾನಕ ಮುಗಿದಿತ್ತು. ಖಾಲಿ ಬಾಟಲನ್ನು ಅಲ್ಲಾಡಿಸಿ ನೋಡಿದಾಗ ಅವನಿಗೇ ನಗು ಬಂತು. ಅಳುತ್ತಲೇ ನಕ್ಕ.

ಅಲ್ಲಿಂದ ಮೇಷ್ಟರು ನಮ್ಮಿಬ್ಬರನ್ನೂ ನೇರ ಮನೆಗೆ ಕರೆದುಕೊಂಡು ಹೋದರು. ಬಾಟಲನ್ನು ಅವರೇ ಹಿತ್ತಲಿಗೆ ಒಯ್ದು, ಹೊಂಡ ತೋಡಿ ಮುಚ್ಚಿ, ಕೈ ತೊಳೆದು ಬಂದರು. ಅಮ್ಮನಿಗೆ ಏನನ್ನೂ ಹೇಳಲಿಲ್ಲ.

"ಯಾವಾಗಿಂದ ಕಣಪ್ಪ ಇದು?" ಎಂದು ಅವನನ್ನು ಕೇಳಿದರು.

"ಸೋಮವಾರದಿಂದ ಸಾರ್."

"ನಾಟಕದ ಹುಡುಗಂಗೂ ಹೆಚ್ಚು ಕಮ್ಮಿ ಅಷ್ಟೇ ದಿನ. ಆದ್ರೆ ಆ ಹುಡುಗಿ ಅವನ ಜೊತೆ ನಾಲ್ಕು ಮಾತಾದ್ರೂ ಆಡಿದ್ಳು. ನಿನ್ನ ಹತ್ರ?"

"ಮಜ್ಜಿಗೆ ಕೊಟ್ಳು. ಕೊತ್ತಂಬರಿ ಹಾಕಿ."

ಒಳಗಿಂದ ಅಮ್ಮನ ದನಿ ಬಂತು. "ಯಾರು, ಶಿರಸ್ತೇದಾರರ ಮಗಳಾ? ಅವಳಿಗೆ ಎಷ್ಟು ಸಲ ಹೇಳಿದೀನೋ. ಯಾರಿಗೆ ಕೊಟ್ರೂ ಒಂದು ಕಟ್ಟು ಕೊತ್ತಂಬರಿ ಸುರೀತಾಳೆ. ಮಜ್ಜಿಗೆ ಕುಡಿಯೋದೋ ಮೇಯೋದೋ ಗೊತ್ತಾಗಲ್ಲ."

ಅವನು ತಲೆ ತಗ್ಗಿಸಿದ. ನಾನು ಗೋಡೆ ನೋಡಿದೆ. ಮೇಷ್ಟರ ಮುಖ ಮಾತ್ರ ಗಂಭೀರವಾಗಿಯೇ ಇತ್ತು. ಒಳಗೆ ಕೇಳದಂತೆ ದನಿ ತಗ್ಗಿಸಿದರು.

"ನೋಡಪ್ಪ, ಸಾಯೋದೇ ಆದ್ರೆ ನನ್ನನ್ನ ಒಂದ್ಮಾತು ಕೇಳಿ ಸಾಯಿ. ನಾನು ಯೋಚನೆ ಮಾಡಿ ಹೇಳ್ತೀನಿ."

ಅವರ ಯೋಚನೆ ಎಷ್ಟು ಕಾಲ ಹಿಡಿಯುತ್ತದೆಂದು ಊರಿಗೇ ಗೊತ್ತಿತ್ತು. ಅವನು ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟ. ಮಾರನೆಯ ದಿನ ಮೇಷ್ಟರು ಮಂಡಿಗೆ ಹೋಗಿ, ಆ ಹಲಗೆಗೆ ಬೀಗದ ಬೀರು ಮಾಡಿಸಿ ಎಂದು ಅವನ ತಂದೆಗೆ ಹೇಳಿದರು. ಯಾಕೆಂದು ಹೇಳಲಿಲ್ಲ. ಅಲ್ಲಿಂದ ಎಷ್ಟೋ ತಿಂಗಳು ಅವನನ್ನು ದಿನಾ ಸಂಜೆ ಕೆರೆಯ ಏರಿಯ ಮೇಲೆ ತಮ್ಮ ಜೊತೆ ನಡೆಸಿದರು. ಮೇಷ್ಟರ ಜೊತೆ ನಡೆಯುವುದೆಂದರೆ ಮೂರು ಹೆಜ್ಜೆಗೊಮ್ಮೆ ನಿಲ್ಲುವುದು. "ಏರಿ ಮುಗಿಯೋ ಹೊತ್ಗೆ ಯಾಕೆ ಅಳ್ತಿದ್ದೆ ಅನ್ನೋದೇ ಮರೆತುಹೋಗ್ತಿತ್ತು ಕಣೋ" ಎಂದು ಅವನೇ ಆಮೇಲೆ ನನಗೆ ಹೇಳಿದ. ಶಿರಸ್ತೇದಾರರ ಮಗಳ ಮದುವೆಗೆ ಆಲೂಗಡ್ಡೆ ಅವರ ಮಂಡಿಯಿಂದಲೇ ಹೋಯಿತು. ಮೂಟೆ ಇಳಿಸಲು ಅವನೇ ಹೋಗಿದ್ದ. ಮಜ್ಜಿಗೆ ಕೊಟ್ಟರಂತೆ. ಕುಡಿದು ಬಂದ.

ನನಗೂ ಮೇಷ್ಟರ ಕೆಲಸವೇ ಸಿಕ್ಕಿತು, ಊರು ಬಿಟ್ಟೆ. ಆ ಮಧ್ಯಾಹ್ನ ಮಾತ್ರ ನನ್ನನ್ನು ಬಿಡಲಿಲ್ಲ. ಈಗಲೂ ಬಸ್ಸಿನಲ್ಲಿ ಕೂತಾಗ, ಕ್ಲಾಸಿನಲ್ಲಿ ಹಾಜರಿ ಕೂಗುವಾಗ, ಇದ್ದಕ್ಕಿದ್ದಂತೆ ನಾನು ಆ ಪರದೆಯ ಹಿಂದೆ ನಿಂತಿರುತ್ತೇನೆ. ಪ್ರತಿ ಸಲವೂ ನಾನೇ ಓಡುತ್ತೇನೆ. ನಾನು ಓಡಿ ಬರುವುದನ್ನು ಅವನು ನೋಡುತ್ತಾನೆ, ಪ್ರತಿ ಸಲವೂ ಕುಡಿದುಬಿಡುತ್ತಾನೆ.

ಆದ್ದರಿಂದಲೇ ಮೇಷ್ಟರ ಆ ನಡಿಗೆ ನನಗೆ ಜಗತ್ತಿನ ದೊಡ್ಡ ವಿವೇಕವಾಗಿ ಕಂಡಿತ್ತು. ಹೆಸರು ಹೇಳದೆ ನನ್ನ ವಿದ್ಯಾರ್ಥಿಗಳಿಗೆ ಅದನ್ನು ವರ್ಣಿಸಿದ್ದೇನೆ. ಮೇಷ್ಟರು ನಿವೃತ್ತರಾದ ಮೇಲೆ, ಅವರೆಕಾಯಿಯ ಕಾಲದಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದರು. ಅಮ್ಮ ಒಳಗಿದ್ದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಸಾರ್, ಅವತ್ತು ಓಡಿದ್ರೆ ಅವನು ಗಾಬರಿಯಾಗಿ ಕುಡಿದುಬಿಡ್ತಾನೆ ಅಂತ ನಿಮಗೆ ಹೇಗೆ ಹೊಳೀತು?"

ಮೇಷ್ಟರು ಒಂದು ಕಾಯಿ ಬಿಡಿಸಿ, ಒಳಗಿನ ಹುಳುವನ್ನು ತೆಗೆದು ಬಿಸಾಕಿ, ಕಾಳನ್ನು ಮೊರಕ್ಕೆ ಹಾಕಿದರು.

"ಹೊಳೀಲಿಲ್ಲ ಕಣಪ್ಪ. ಓಡಬೇಕು ಅಂತಲೇ ಹೊರಟೆ. ಕಾಲು ಬರಲಿಲ್ಲ."

ಇನ್ನೊಂದು ಕಾಯಿ ಎತ್ತಿಕೊಂಡರು.

"ಕನ್ನಡಕ ತೆಗೆದಿಟ್ಟಿದ್ದೂ ಓಡೋದಕ್ಕೇನೇ," ಎಂದರು. "ಬಿದ್ದು ಒಡೆದೀತು ಅಂತ. ಆಮೇಲೆ ನೋಡಿದ್ರೆ ಮೊಣಕಾಲು ನಂದೇ ಅಲ್ಲ. ಒಂದು ಹೆಜ್ಜೆ ಎತ್ತಿ ಇಡೋದೇ ಕಷ್ಟವಾಯ್ತು. ಅಲ್ಲಿಗೆ ಹೋಗಿ ಕೈಮುಗಿದಿದ್ದೂ ಕೈ ನಡುಗೋದು ಕಾಣದಿರ್ಲಿ ಅಂತ. ಕೈಮುಗಿದ್ಮೇಲೆ ಏನಾದ್ರೂ ಹೇಳ್ಬೇಕಲ್ಲ."

"ಕಾಲು ಬಂದಿದ್ದಿದ್ರೆ ಸಾರ್?"

ಅವರು ಕೈಯಲ್ಲಿದ್ದ ಕಾಯನ್ನು ನೋಡುತ್ತ ಕೂತರು. ಅವರು ಯೋಚಿಸುವುದನ್ನು ಕಾದು ನನಗೆ ಅಭ್ಯಾಸವಿತ್ತು. ಕಾದೆ. ಒಳಗೆ ಅಮ್ಮ ಒಗ್ಗರಣೆ ಹಾಕಿದ ಸದ್ದು ಕೇಳಿತು, ವಾಸನೆ ಬಂತು, ಅದೂ ಆರಿತು.

"ಅದೊಂದನ್ನ ಕೇಳಬೇಡ," ಎಂದರು ಕೊನೆಗೆ. ಮೊರವನ್ನು ನನ್ನ ಕಡೆ ತಳ್ಳಿದರು. "ಕಾಯಿ ಬಿಡಿಸು."

ಇಬ್ಬರೂ ಬಹಳ ಹೊತ್ತು ಬಿಡಿಸಿದೆವು.